ಎಪ್ಪತ್ತೊಂದನೇ ರ‍್ಯಾಂಕಿನ ಹುಡುಗಿ

ಪ್ರಶ್ನೆ: ನಾವು ಹಾಸನದ ಕಡೆಯವರು, ಡಲ್ಲಾಸ್ ಹತ್ತಿರ ನೆಲೆಸಿ ಹದಿನಾಲ್ಕು ವರ್ಷವಾಯಿತು. ಮಗಳು ಇಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ 11ನೇ ತರಗತಿ. ಎಲ್ಲದರಲ್ಲೂ ಎ ಗ್ರೇಡ್, ಆದರೂ 560 ಮಕ್ಕಳಲ್ಲಿ ರ‍್ಯಾಂಕ್ 71. ಕಾಲೇಜು ಅರ್ಜಿಯಲ್ಲಿ ಅದನ್ನು ಬರೆಯದೇ ಇದ್ದರೆ ನಡೆಯುತ್ತದೆಯೇ? ಅವಳು ಪಿಟೀಲು ನುಡಿಸುವ ಆರ್ಕೆಸ್ಟ್ರಾವನ್ನು ಮುಂದಿನ ವರ್ಷ ಬಿಡಿಸಿ ಇನ್ನೊಂದು ಎಪಿ (ಕಾಲೇಜು ಮಟ್ಟದ) ವಿಷಯ ಕೊಡಿಸೋಣ ಎನ್ನುತ್ತಾರೆ ನಮ್ಮವರು. ಮೂರು ದಿನದಿಂದ ಅವಳು ಯಾರ ಜತೆಗೂ ಮಾತಾಡುತ್ತಿಲ್ಲ.

ಉತ್ತರ: ಮೊದಲು ಆರ್ಕೆಸ್ಟ್ರಾ ವಿಷಯ, ಏಕೆಂದರೆ ನೋವಿರುವುದು ಅಲ್ಲಿ. ಬಹಳಷ್ಟು ಶಾಲೆಗಳಲ್ಲಿ ಎಪಿ ತರಗತಿಯ ಎ ಗ್ರೇಡಿಗೆ 5 ಅಂಕ, ಸಾಧಾರಣ ತರಗತಿಯ ಎ ಗ್ರೇಡಿಗೆ 4. ಸರಾಸರಿ 4.6 ಇರುವ ಹುಡುಗಿ ಪಿಟೀಲಿನಲ್ಲಿ ಪೂರ್ತಿ ಎ ತಂದರೂ ಸರಾಸರಿ ಕೆಳಕ್ಕೇ ಇಳಿಯುತ್ತದೆ. ನಿಮ್ಮ ಮಗಳು ಎಲ್ಲೂ ಎಡವಿಲ್ಲ. ಲೆಕ್ಕ ಹಾಕುವ ರೀತಿಯೇ ಹಾಗಿದೆ. ಇನ್ನು ಅರ್ಜಿ ಹೋಗುವುದು 12ನೇ ತರಗತಿಯ ಆರಂಭದಲ್ಲಿ. ಆಗ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು 11ರ ಕೊನೆಯ ರ‍್ಯಾಂಕ್. ಮುಂದಿನ ವರ್ಷ ಪಿಟೀಲು ಬಿಡಿಸಿದರೆ ರ‍್ಯಾಂಕು ಏರುವ ಹೊತ್ತಿಗೆ ಅರ್ಜಿಗಳು ಹೋಗಿಯಾಗಿರುತ್ತವೆ, ಪಿಟೀಲೂ ಹೋಗಿರುತ್ತದೆ.

ರ‍್ಯಾಂಕ್ ಎಂದ ಕೂಡಲೇ ನಮಗೆ ಸಿಇಟಿ ನೆನಪಾಗುತ್ತದೆ. ಅದು ಇಡೀ ರಾಜ್ಯದ ಸಾಲು. ಇದು ಒಂದೇ ಶಾಲೆಯ ಗೋಡೆಗಳೊಳಗಿನ ಸಾಲು. ಟೆಕ್ಸಾಸಿನಲ್ಲಿ ಇದಕ್ಕೆ ಇಷ್ಟು ತೂಕ ಬಂದದ್ದು 1997ರ ಕಾನೂನಿನಿಂದ: ಪ್ರತಿ ಶಾಲೆಯ ಮೇಲಿನ ಶೇ. 10 ಮಕ್ಕಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಬಡ ಬಡಾವಣೆಯ, ದೂರದ ಹಳ್ಳಿಯ ಶಾಲೆಗಳ ಮಕ್ಕಳಿಗೂ ಬಾಗಿಲು ತೆರೆದ ಈ ಕಾನೂನನ್ನು ನಾನು ಗೌರವಿಸುತ್ತೇನೆ. ಆಸ್ಟಿನ್ನಿನ ವಿಶ್ವವಿದ್ಯಾಲಯ ಮಾತ್ರ 2026ರ ಪ್ರವೇಶದಿಂದ ಮಿತಿಯನ್ನು ಶೇ. 5ಕ್ಕೆ ಇಳಿಸಿದೆ. ನಿಮ್ಮ ಶಾಲೆಯಲ್ಲಿ ಹಾಗೆಂದರೆ ಮೊದಲ 28 ಮಕ್ಕಳು. ಆ ಬಾಗಿಲು ನಿಮ್ಮ ಮಗಳಿಗೆ ತಾನಾಗಿ ತೆರೆಯುವುದಿಲ್ಲ, ನಿಜ. ಆದರೆ ಅಲ್ಲಿ ರಾಜ್ಯದ ಮಕ್ಕಳಿಗೆ ಮೀಸಲಾದ ಸೀಟುಗಳಲ್ಲಿ ಸುಮಾರು ಕಾಲು ಭಾಗವನ್ನು ಅರ್ಜಿಯನ್ನು ಇಡಿಯಾಗಿ ಓದಿ ತುಂಬುತ್ತಾರೆ. ನೇರ ಪ್ರವೇಶ ಸಿಕ್ಕವರಿಗೂ ಬಯಸಿದ ವಿಭಾಗ ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ. ಕಂಪ್ಯೂಟರ್ ಸೈನ್ಸ್ ಕೇಳಿದವರಿಗೆ ಇದು ಚೆನ್ನಾಗಿ ಗೊತ್ತು.

ಮುಚ್ಚಿಡುವ ಮಾತು ಬೇಡ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ನಿಖರ ರ‍್ಯಾಂಕ್ ಕೊಡಬಹುದು, ಹತ್ತನೇ ಒಂದು ಅಥವಾ ಐದನೇ ಒಂದು ಭಾಗವೆಂದು ಗುರುತಿಸಬಹುದು, 'ಇಲ್ಲ' ಎಂದೂ ಆರಿಸಬಹುದು. ಆದರೆ ಶಾಲೆಯ ಕೌನ್ಸೆಲರ್ ತಮ್ಮ ವರದಿಯನ್ನೂ ಅಂಕಪಟ್ಟಿಯನ್ನೂ ಬೇರೆಯಾಗಿ ಕಳಿಸುತ್ತಾರೆ. ಅಲ್ಲಿ 71 ಎಂದಿದ್ದು ಇಲ್ಲಿ 'ಇಲ್ಲ' ಎಂದಿದ್ದರೆ ಓದುವವರಿಗೆ ಅನುಮಾನ ಬರುವುದು ರ‍್ಯಾಂಕಿನ ಮೇಲಲ್ಲ, ಹುಡುಗಿಯ ಮೇಲೆ. ಕೆಲವು ಶಾಲೆಗಳು ಮೇಲಿನ ಶೇ. 10ರೊಳಗಿನವರ ರ‍್ಯಾಂಕನ್ನಷ್ಟೇ ಹೊರಗೆ ಕಳಿಸುತ್ತವೆ. ನಿಮ್ಮದು ಅಂಥ ಶಾಲೆಯಾದರೆ 'ಇಲ್ಲ' ಎನ್ನುವುದೇ ಸತ್ಯದ ಉತ್ತರ. ಈ ವಾರವೇ ಕೌನ್ಸೆಲರ್‌ಗೆ ಬರೆದು ಕೇಳಿ. ಶಾಲೆಯಲ್ಲಿ ಎಷ್ಟು ಎಪಿ ತರಗತಿಗಳಿವೆ, ಸಂಗೀತಕ್ಕೆ ಅಂಕ ಹೇಗೆ ಎಂಬುದನ್ನು ತಮ್ಮ ವರದಿಯಲ್ಲಿ ಸೇರಿಸುತ್ತಾರೆಯೇ ಎಂದೂ ವಿಚಾರಿಸಿ.

ಆರ್ಕೆಸ್ಟ್ರಾ ಬಿಡಿಸುವ ಫಾರಮ್ಮಿಗೆ ಸಹಿ ಹಾಕುವುದಿಲ್ಲವೆಂದು ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಹೇಳಿ. ಆ ಮಾತು ಅಪ್ಪನ ಬಾಯಿಂದ ಬಂದರೆ ಇನ್ನೂ ಒಳ್ಳೆಯದು.