ಅಣ್ಣನನ್ನು ಉಳಿಸಲು ಇನ್ನೊಂದು ಮಗು ಹೆರಬಹುದೇ?

ಪ್ರಶ್ನೆ: ನಮ್ಮದು ದೊಡ್ಡಬಳ್ಳಾಪುರ. ಮನೆಯಲ್ಲೇ ಪವರ್‌ಲೂಮ್ ಹಾಕಿಕೊಂಡಿದ್ದೇವೆ. ಸೋದರಮಾವನನ್ನೇ ಮದುವೆಯಾಗಿದ್ದೇನೆ. ಐದು ವರ್ಷದ ಮಗನಿಗೆ ಥಲಸ್ಸೇಮಿಯಾ ಮೇಜರ್. ಮೂರು ವಾರಕ್ಕೊಮ್ಮೆ ಬೆಂಗಳೂರಿಗೆ ಕರೆದೊಯ್ದು ರಕ್ತ ಹಾಕಿಸಬೇಕು. ಅಸ್ಥಿಮಜ್ಜೆ ಕಸಿ ಮಾಡಿದರೆ ವಾಸಿಯಾಗುತ್ತದಂತೆ, ಆದರೆ ನಮ್ಮಿಬ್ಬರದೂ ಅವನಿಗೆ ಹೊಂದುವುದಿಲ್ಲ. ಐವಿಎಫ್ ಮಾಡಿಸಿ, ಮಗನಿಗೆ ಹೊಂದುವ ಭ್ರೂಣವನ್ನೇ ಆರಿಸಿ ಇನ್ನೊಂದು ಮಗು ಮಾಡಿಕೊಳ್ಳಿ ಎಂದು ಪರಿಚಯದವರೊಬ್ಬರು ಹೇಳಿದರು. ಅತ್ತೆ, ಅಂದರೆ ನಮ್ಮಮ್ಮನ ಅಮ್ಮ, "ಇದು ನಾಗದೋಷ, ಘಾಟಿಯಲ್ಲಿ ನಾಗಪ್ರತಿಷ್ಠೆ ಮಾಡಿಸೋಣ. ದೇವರು ಕೊಡೋದನ್ನ ನಾವು ಆರಿಸಬಾರದು" ಅಂತಾರೆ. ಯಜಮಾನರು "ಇದು ಕ್ಲೋನಿಂಗ್ ಥರ, ಪೊಲೀಸ್ ಕೇಸಾಗುತ್ತೆ" ಅಂತಾರೆ. ಒಬ್ಬನಿಗೆ ಔಷಧಿಯಾಗಲಿ ಅಂತ ಇನ್ನೊಂದು ಮಗು ಹೆತ್ತರೆ ಪಾಪವೇ?
(ಹೆಸರು ಬೇಡ, ದೊಡ್ಡಬಳ್ಳಾಪುರ)

ಉತ್ತರ: ತಂಗೀ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಪಾಪವಲ್ಲ. ಆದರೆ ಅಣ್ಣನಿಗೆ ಹೊಂದದಿದ್ದರೂ, ಕಸಿ ಫಲಿಸದಿದ್ದರೂ ಆ ಮಗು ನಿಮಗೆ ಬೇಕಾಗಿರಬೇಕು. ಉಳಿದ ಮಾತೆಲ್ಲ ಇದರ ಮೇಲೇ ನಿಂತಿದೆ.

ಈ ಕಾಯಿಲೆ ಯಾರ ತಪ್ಪೂ ಅಲ್ಲ, ನಾಗದೋಷವೂ ಅಲ್ಲ. ನೀವಿಬ್ಬರೂ ಆರೋಗ್ಯವಾಗಿದ್ದೀರಿ, ಆದರೆ ಇಬ್ಬರೂ ಈ ಕಾಯಿಲೆಯ ವಾಹಕರು. ಬಳಗದೊಳಗೇ ಸಂಬಂಧ ಬೆಳೆಸಿದಾಗ ಒಂದೇ ವಂಶವಾಹಿ ದೋಷ ಗಂಡಹೆಂಡಿರಿಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇ 25. ಘಾಟಿ ಸುಬ್ರಹ್ಮಣ್ಯನ ಸನ್ನಿಧಿಗೆ ಹೋಗಿ ಬಂದರೆ ಅಜ್ಜಿಗೆ ನೆಮ್ಮದಿ ಸಿಗುತ್ತದೆ ಎಂದಾದರೆ ಖಂಡಿತ ಹೋಗಿಬನ್ನಿ. ಆದರೆ ರಕ್ತ ಹಾಕಿಸುವುದನ್ನೂ ಮೈಯಲ್ಲಿ ಸೇರುವ ಕಬ್ಬಿಣಾಂಶ ಇಳಿಸುವ ಮಾತ್ರೆಯನ್ನೂ ತಪ್ಪಿಸಬೇಡಿ.

ಇನ್ನು ನಿಮ್ಮ ಯಜಮಾನರ ಭಯ. ಕ್ಲೋನಿಂಗ್ ಎಂದರೆ ಇರುವ ಜೀವಿಯ ನಕಲು ತೆಗೆಯುವುದು; 1996ರಲ್ಲಿ ಹುಟ್ಟಿದ ಡಾಲಿ ಕುರಿ ಹಾಗೆ ಬಂದದ್ದು. ನಿಮಗೆ ಹೇಳಿರುವುದು ಅದಲ್ಲ, ವಂಶವಾಹಿ ತಿದ್ದುವುದೂ ಅಲ್ಲ. ನೀವು ಮಗ್ಗದ ಮನೆಯವರು, ಬೇಗ ಅರ್ಥವಾಗುತ್ತದೆ: ಜಕಾರ್ಡ್ ಕಾರ್ಡಿನಲ್ಲಿ ಒಂದು ತೂತು ತಪ್ಪಿದರೆ ಅದರಿಂದ ಇಳಿಯುವ ಪ್ರತಿ ಸೀರೆಯಲ್ಲೂ ಅದೇ ತಪ್ಪು. ನೇಯ್ದ ಸೀರೆಯನ್ನು ಸರಿಪಡಿಸುವುದು ಬೇರೆ, ಕಾರ್ಡನ್ನೇ ತಿದ್ದುವುದು ಬೇರೆ. 2023ರ ನವೆಂಬರಿನಲ್ಲಿ ಬ್ರಿಟನ್ ಇದೇ ಕಾಯಿಲೆಗೆ ಒಪ್ಪಿದ ಕ್ಯಾಸ್‌ಜೆವಿ ಚಿಕಿತ್ಸೆ ಮೊದಲ ಬಗೆಯದು. ರೋಗಿಯ ಮಜ್ಜೆಯ ಕೋಶಗಳನ್ನಷ್ಟೇ ಅದು ತಿದ್ದುತ್ತದೆ, ಮಕ್ಕಳಿಗೆ ದಾಟುವುದಿಲ್ಲ. ಆ ಒಪ್ಪಿಗೆ ಸಿಕ್ಕಿದ್ದು 12 ವರ್ಷ ತುಂಬಿದವರಿಗೆ. 2023ರಲ್ಲಿ ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್ ಇತ್ತು. 2018ರಲ್ಲಿ ಚೀನಾದ ಹೆ ಜಿಯಾನ್‌ಕುಯಿ ಭ್ರೂಣಗಳನ್ನೇ ತಿದ್ದಿ ಅವಳಿ ಹೆಣ್ಣುಮಕ್ಕಳ ಹುಟ್ಟಿಗೆ ಕಾರಣನಾದ. ಅದು ಎರಡನೇ ಬಗೆಯದು, ತಲೆಮಾರುಗಳಿಗೆ ದಾಟುವ ತಿದ್ದುಪಡಿ. ಆತನಿಗೆ ಮೂರು ವರ್ಷ ಜೈಲಾಯಿತು. ನಮ್ಮಲ್ಲಿಯೂ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಮಾನವ ಕ್ಲೋನಿಂಗ್ ಮತ್ತು ಇಂಥ ತಿದ್ದುಪಡಿ ಎರಡನ್ನೂ ನಿಷೇಧಿಸಿದೆ.

ನಿಮಗೆ ಹೇಳಿರುವುದು ಭ್ರೂಣದ ಆಯ್ಕೆ ಮಾತ್ರ. 2021ರ ನೆರವಿನ ಸಂತಾನೋತ್ಪತ್ತಿ (ಎಆರ್‌ಟಿ) ಕಾಯ್ದೆ, ವಂಶದಲ್ಲಿ ಈಗಾಗಲೇ ಗೊತ್ತಿರುವ ಆನುವಂಶಿಕ ಕಾಯಿಲೆಗಾಗಿ ಭ್ರೂಣ ಪರೀಕ್ಷೆಗೆ ಅವಕಾಶ ಕೊಟ್ಟಿದೆ. ಹೆಣ್ಣೋ ಗಂಡೋ ನೋಡಿ ಆರಿಸುವುದು ಅಪರಾಧ. ಅಣ್ಣನಿಗೆ ಹೊಂದುತ್ತದೆಯೇ ಎಂದು ನೋಡಲು ಅನುಮತಿ ಹೇಗೆ ಎಂಬುದನ್ನು ನೋಂದಾಯಿತ ಕ್ಲಿನಿಕ್‌ನಿಂದ ಬರಹದಲ್ಲೇ ಪಡೆಯಿರಿ. ಅಹಮದಾಬಾದಿನಲ್ಲಿ ಹೀಗೆ 2018ರಲ್ಲಿ ಹುಟ್ಟಿದ ತಂಗಿಯ ಮಜ್ಜೆಯನ್ನು 2020ರಲ್ಲಿ ಥಲಸ್ಸೇಮಿಯಾ ಇದ್ದ ಅಣ್ಣನಿಗೆ ಕಸಿ ಮಾಡಿದ್ದಾರೆ.

ಲೆಕ್ಕ ಮಾತ್ರ ಕಠಿಣ. ಕಾಯಿಲೆ ಬರದ ಭ್ರೂಣ ನಾಲ್ಕರಲ್ಲಿ ಮೂರು, ಅಣ್ಣನಿಗೆ ಹೊಂದುವುದು ನಾಲ್ಕರಲ್ಲಿ ಒಂದು. ಎರಡೂ ಕೂಡಿಬರುವುದು ಸರಾಸರಿ 16ರಲ್ಲಿ 3. ಅದು ಗರ್ಭದಲ್ಲಿ ನಿಲ್ಲುತ್ತದೆ ಎಂಬ ಖಾತರಿಯೂ ಇಲ್ಲ. ಇಂಜೆಕ್ಷನ್, ನೋವು, ಖರ್ಚು ಎಲ್ಲ ನಿಮ್ಮ ಮೈಮೇಲೆ ಬೀಳುತ್ತವೆ. ಆದ್ದರಿಂದ "ನೂರಕ್ಕೆ ನೂರು" ಎನ್ನುವವರ ಮಾತು ಕೇಳಿ ಮಗ್ಗ ಮಾರಬೇಡಿ.

ನನಗೆ ಹೆಚ್ಚು ಕಾಳಜಿ ಇರುವುದು ಹುಟ್ಟಲಿರುವ ಮಗುವಿನ ಬಗ್ಗೆ. ಅದರ ಒಪ್ಪಿಗೆ ಕೇಳಲು ಆಗುವುದಿಲ್ಲ, ಹಾಗಾಗಿ ಅದರ ಪರವಾಗಿ ನೀವೇ ನಿಲ್ಲಬೇಕು. ಹೆರಿಗೆಯಲ್ಲಿ ಹೊಕ್ಕುಳಬಳ್ಳಿಯ ರಕ್ತ ಸಂಗ್ರಹಿಸಿದರೆ ಮಗುವಿಗೆ ನೋವೇ ಇಲ್ಲ. ಅದು ಸಾಕಾಗುತ್ತದೆಯೇ ಎಂದು ಮೊದಲು ಕೇಳಿ. ಮಜ್ಜೆಯೇ ಬೇಕಾದರೆ ಮಗು ತಕ್ಕಷ್ಟು ತೂಕಕ್ಕೆ ಬರುವವರೆಗೆ ಕಾಯಿರಿ. ಅಣ್ಣನನ್ನು ನೋಡುವ ವೈದ್ಯರಲ್ಲದೆ ಬೇರೊಬ್ಬ ವೈದ್ಯರು ಈ ಮಗುವನ್ನು ಪರೀಕ್ಷಿಸಿ ಒಪ್ಪಲಿ. "ನೀನು ಹುಟ್ಟಿದ್ದೇ ಅಣ್ಣನಿಗೋಸ್ಕರ" ಎಂಬ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು.

ಈಗ ಮಾಡಬೇಕಾದ್ದು: ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಲ್ಲಿ ದಂಪತಿ ಸಮೇತ ಆನುವಂಶಿಕ ಸಲಹೆ ಪಡೆಯಿರಿ. ಐವಿಎಫ್ ಬೇಡವೆಂದರೂ ದಾರಿಯಿದೆ. ಸಹಜವಾಗಿ ಬಸುರಾಗಿ 11ರಿಂದ 13ನೇ ವಾರದೊಳಗೆ ಮಗುವಿಗೆ ಕಾಯಿಲೆ ಇದೆಯೇ ಎಂದು ಪರೀಕ್ಷಿಸಬಹುದು. ಒಡಹುಟ್ಟಿದವರ ಮಜ್ಜೆ ಹೊಂದಿದರೆ ಕಸಿಗೆ ಕೋಲ್ ಇಂಡಿಯಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗೆ ನೆರವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ ಸೇರಿದೆ, ಮಗನಿಗೆ ಅಂಗವಿಕಲರ ಗುರುತಿನ ಚೀಟಿ (ಯುಡಿಐಡಿ ಕಾರ್ಡ್) ಮಾಡಿಸಿ. ನಿಮ್ಮಿಬ್ಬರ ಒಡಹುಟ್ಟಿದವರಿಗೂ ಅವರ ಮಕ್ಕಳಿಗೂ ಮದುವೆ ಮಾತಿಗೆ ಮುಂಚೆ, ವಾಹಕರೇ ಎಂದು ತಿಳಿಸುವ ಎಚ್‌ಬಿ ಎ2 ರಕ್ತಪರೀಕ್ಷೆ ಮಾಡಿಸಿ. ನಿಮಗೆ ಬಂದ ಕಷ್ಟ ಇನ್ನೊಂದು ಮನೆಗೆ ಬಾರದಂತೆ ಅದು ತಡೆಯುತ್ತದೆ.

ಗಂಡಹೆಂಡಿರಿಬ್ಬರೇ ಕೂತು ಮಾತಾಡಿ. ಎರಡನೇ ಮಗು ಹೇಗೂ ಬೇಕು ಎಂದು ಇಬ್ಬರಿಗೂ ಅನ್ನಿಸಿದರೆ ಅಳುಕದೆ ಮುಂದುವರಿಯಿರಿ. ಅನ್ನಿಸದಿದ್ದರೆ ಬಿಟ್ಟುಬಿಡಿ. ಅದು ಮಗನಿಗೆ ಮಾಡುವ ದ್ರೋಹವಲ್ಲ. ಕ್ರಮವಾಗಿ ರಕ್ತ ಮತ್ತು ಮಾತ್ರೆ ಪಡೆದ ಮಕ್ಕಳು ಓದಿ, ದುಡಿದು, ಸಂಸಾರ ಕಟ್ಟಿಕೊಂಡಿದ್ದಾರೆ. ನಿಮ್ಮ ಮಗನಿಗೂ ಆ ದಾರಿ ತೆರೆದಿದೆ.