ಬಾಸ್ಕೆಟ್‌ಬಾಲ್ ಸೆಲೆಕ್ಷನ್‌ಗೆ ಮೊದಲು ಊರಿಗೊಂದು ಫೋನ್ ಮಾಡಿ



ರಜೆ ಹತ್ತಿರ ಬಂತೆಂದರೆ ಕ್ಲಿನಿಕ್‌ನಲ್ಲಿ ಈ ಮಾತು ಕೇಳಿಬರುತ್ತದೆ: "ಡಾಕ್ಟ್ರೇ, ಮಗ ಬಾಸ್ಕೆಟ್‌ಬಾಲ್ ಸೆಲೆಕ್ಷನ್‌ಗೆ ಹೋಗ್ತಿದ್ದಾನೆ. ಫಿಟ್‌ನೆಸ್ ಸರ್ಟಿಫಿಕೇಟ್‌ಗೆ ಒಂದು ಸಹಿ ಹಾಕಿ ಕೊಡಿ."

ನಾಗಪಾಡಾದ ಇಕ್ಕಟ್ಟಿನ ಗಲ್ಲಿಗಳಿಂದ ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುಂತಸಿರ್ ಅವರಂಥ ಆಟಗಾರರು ಬಂದ ಮುಂಬಯಿ ಇದು. ನಮ್ಮ ಮಕ್ಕಳೂ ಆಡಲಿ. ಆದರೆ ಸಹಿಗೆ ಮೊದಲು ಸ್ವಲ್ಪ ಕೇಳಿ.

*ಕೋಚ್ ಏನು ಅಳೆಯುತ್ತಾರೆ?*

1. ಎತ್ತರ ಮತ್ತು ಎರಡೂ ಕೈ ಚಾಚಿದಾಗಿನ ಉದ್ದ.
2. ಜಿಗಿತ: ನಿಂತು ಕೈಯೆತ್ತಿ ಮುಟ್ಟಿದ ಗುರುತಿಗೂ ಹಾರಿ ಮುಟ್ಟಿದ ಗುರುತಿಗೂ ಇರುವ ಅಂತರ.
3. ದಿಕ್ಕು ಬದಲಿಸುತ್ತಾ ಓಡುವ ಚುರುಕುತನ.
4. ಬೀಪ್ ಟೆಸ್ಟ್: 20 ಮೀಟರ್ ದೂರವನ್ನು ಬೀಪ್ ಸದ್ದಿಗೆ ಸರಿಯಾಗಿ ಹೋಗಿ ಬಂದು ಓಡುವುದು. ಸಾಮಾನ್ಯವಾಗಿ ವೇಗ ಗಂಟೆಗೆ 8.5 ಕಿ.ಮೀ.ಯಿಂದ ಶುರುವಾಗಿ ನಿಮಿಷಕ್ಕೊಮ್ಮೆ ಅರ್ಧ ಕಿ.ಮೀ. ಏರುತ್ತದೆ. ಸುಸ್ತಾಗಿ ನಿಲ್ಲುವವರೆಗೆ ಓಡಬೇಕು. ಕೊನೆಯ ಸುತ್ತುಗಳಲ್ಲಿ ಹೃದಯ ತನ್ನ ಪೂರ್ತಿ ಶಕ್ತಿಯಲ್ಲಿ ಬಡಿಯುತ್ತಿರುತ್ತದೆ.

*ಒಂದು ದಿನದ ಅಂಕ ತೀರ್ಪಲ್ಲ*

13 ವರ್ಷದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬ ಇನ್ನೂ ಮಗುವಿನಂತಿರುತ್ತಾನೆ. ಬೇಗ ಬೆಳೆದವನು ಇಂದು ಗೆಲ್ಲುತ್ತಾನೆ. ತಡವಾಗಿ ಬೆಳೆಯುವವನು ಎರಡು ವರ್ಷದಲ್ಲಿ ಅವನನ್ನು ದಾಟಬಹುದು. ಮೂರು ನಾಲ್ಕು ತಿಂಗಳಿಗೊಮ್ಮೆ ಅದೇ ಪರೀಕ್ಷೆ ಮಾಡಿಸಿ, ಮಗುವಿನ ಹಿಂದಿನ ಅಂಕದೊಂದಿಗೆ ಹೋಲಿಸಿ. ಪಕ್ಕದ ಮನೆಯವರ ಮಗನೊಂದಿಗೆ ಬೇಡ.

*ಹೃದಯದ ವಿಷಯ*

ಕೋಚ್ ಮೆಚ್ಚುವ ಉದ್ದ ಕೈಗಳನ್ನು ನಾವು ವೈದ್ಯರೂ ಗಮನಿಸುತ್ತೇವೆ. ಚಾಚಿದ ಕೈಗಳ ಉದ್ದ ಎತ್ತರದ 1.05 ಪಟ್ಟಿಗಿಂತ ಹೆಚ್ಚಿದ್ದು, ಬೆರಳುಗಳು ತೀರಾ ನೀಳ, ಬೆನ್ನು ಡೊಂಕು, ದೃಷ್ಟಿದೋಷ ಇದ್ದರೆ ಮಾರ್ಫನ್ ಸಿಂಡ್ರೋಮ್ ಇದೆಯೇ ಎಂದು ನೋಡಬೇಕು. ಇದರಲ್ಲಿ ಹೃದಯದಿಂದ ಹೊರಡುವ ಮಹಾಪಧಮನಿ ಹಿಗ್ಗುತ್ತದೆ. ಉದ್ದ ಕೈ ಇದ್ದ ಮಾತ್ರಕ್ಕೆ ರೋಗವಲ್ಲ, ಗಾಬರಿ ಬೇಡ. ಅಮೆರಿಕದ ಐಸಾಯಾ ಆಸ್ಟಿನ್‌ಗೆ 2014ರಲ್ಲಿ ಎನ್‌ಬಿಎ ಆಯ್ಕೆಗೆ ಕೆಲವೇ ದಿನ ಮುಂಚೆ ವೈದ್ಯಕೀಯ ತಪಾಸಣೆಯಲ್ಲಿ ಇದು ಪತ್ತೆಯಾಯಿತು.

ಹ್ಯಾಂಕ್ ಗ್ಯಾದರ್ಸ್ ಕಥೆ ಬೇರೆ. 1989ರ ಡಿಸೆಂಬರ್‌ನಲ್ಲಿ ಪಂದ್ಯದ ನಡುವೆ ಕುಸಿದಿದ್ದರು. 1990ರ ಮಾರ್ಚ್ 4ರಂದು ಮತ್ತೆ ಅಂಗಳದಲ್ಲೇ ಕುಸಿದು ತೀರಿಕೊಂಡರು. ವಯಸ್ಸು 23. ಹೃದಯದ ಸ್ನಾಯುವಿನ ಕಾಯಿಲೆಯಿತ್ತು.

*ಈ ನಾಲ್ಕು ಪ್ರಶ್ನೆ ಕೇಳಿ*

✅ ಓಡುವಾಗ ತಲೆ ಸುತ್ತಿ ಬಿದ್ದದ್ದುಂಟೇ?
✅ ಓಡುವಾಗ ಎದೆನೋವು, ವಿಪರೀತ ಎದೆಬಡಿತ ಆಗಿದೆಯೇ?
✅ ಜೊತೆಯ ಮಕ್ಕಳಿಗಿಂತ ಬೇಗ ಉಸಿರು ಕಟ್ಟುತ್ತದೆಯೇ?
✅ ಕುಟುಂಬದಲ್ಲಿ ಯಾರಾದರೂ 50 ದಾಟುವ ಮೊದಲೇ ಹಠಾತ್ತಾಗಿ ತೀರಿಕೊಂಡಿದ್ದಾರೆಯೇ?

ಕೊನೆಯ ಪ್ರಶ್ನೆಗೆ ಮುಂಬಯಿಯಲ್ಲಿ ಹುಟ್ಟಿ ಬೆಳೆದವರ ಬಳಿ ಉತ್ತರ ಇರುವುದಿಲ್ಲ. ಅದು ಊರಿನ ಅಜ್ಜಿಗೆ ಗೊತ್ತು. "ಗದ್ದೆಯಲ್ಲಿ ನಿಂತಲ್ಲೇ ಬಿದ್ದುಹೋದ" ದೊಡ್ಡಪ್ಪನ ಕಥೆ ಅವರೇ ಹೇಳಬೇಕು. ಇಂದೇ ಫೋನ್ ಮಾಡಿ ಕೇಳಿ.

ಒಂದಕ್ಕಾದರೂ "ಹೌದು" ಎಂದಾದರೆ ಬೀಪ್ ಟೆಸ್ಟ್ ಬೇಡ. ಮೊದಲು ವೈದ್ಯರ ತಪಾಸಣೆ, ಇಸಿಜಿ, ಬೇಕಿದ್ದರೆ ಎಕೋ. ಜ್ವರ ಬಂದು ಎದ್ದ ವಾರದಲ್ಲೂ, ಮೇ ತಿಂಗಳ ಮಧ್ಯಾಹ್ನದ ಬಿಸಿಲಲ್ಲೂ ಈ ಪರೀಕ್ಷೆ ಬೇಡ.

ಹೆಚ್ಚಿನ ಮಕ್ಕಳಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆಗ ಸಂತೋಷದಿಂದ ಸಹಿ ಹಾಕುತ್ತೇನೆ.

ಆಡುವ ಮಕ್ಕಳಿರುವ ಮನೆಗಳಿಗೆ ಇದನ್ನು ತಲುಪಿಸಿ.