ಗೆಳೆತನ, ಗುಟ್ಟು ಮತ್ತು ಅನುಮಾನ: ಕಿಶೋರರ ರಹಸ್ಯಕಥೆಗಳ ವಿಚಾರ

ಹದಿಮೂರರಿಂದ ಹದಿನೆಂಟರ ವಯಸ್ಸಿನ ವಿದ್ಯಾರ್ಥಿಗಳು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದುವ ಪುಸ್ತಕಗಳಲ್ಲಿ ರಹಸ್ಯಕಥೆಗಳಿಗೆ ಮೊದಲಿನಿಂದಲೂ ಅಗ್ರಸ್ಥಾನವಿದೆ. ನಾಲ್ಕಾರು ಮಂದಿ ಗೆಳೆಯರು, ಅವರಲ್ಲೊಬ್ಬನು ಬಚ್ಚಿಟ್ಟ ಗುಟ್ಟು, ಊರಿನಲ್ಲಿ ನಡೆದ ಒಂದು ಕಳವು ಅಥವಾ ಕಣ್ಮರೆ, ಹಿರಿಯರಿಗಿಂತ ಮೊದಲೇ ಮಕ್ಕಳಿಗೆ ಹೊಳೆಯುವ ಸತ್ಯ. ಇಂಥ ಕಥೆಗಳ ಚೌಕಟ್ಟು ಸಾಮಾನ್ಯವಾಗಿ ಇಷ್ಟೇ. ಈ ಬಗೆಯ ಪುಸ್ತಕ ಕಣ್ಣಿಗೆ ಬಿದ್ದೊಡನೆ ಕಸಿದು ಮೇಜಿನ ಖಾನೆಗೆ ಸೇರಿಸುವುದು ಹಲವು ಉಪಾಧ್ಯಾಯರ ವಾಡಿಕೆ. ಕಸಿದುಕೊಳ್ಳುವುದಕ್ಕೆ ಮುನ್ನ, ವಿದ್ಯಾರ್ಥಿಯು ಅದರಲ್ಲಿ ಏನನ್ನು ಹುಡುಕುತ್ತಿದ್ದಾನೆಂಬುದನ್ನು ವಿಚಾರಿಸುವುದು ಯುಕ್ತ.

ಶೈಶವದಲ್ಲಿ ಮಗುವಿಗೆ ತಾಯಿಯಿಂದ ಮರೆಮಾಚುವ ಸಂಗತಿಯೇ ಇರುವುದಿಲ್ಲ. ಕಿಶೋರಾವಸ್ಥೆಗೆ ಕಾಲಿಟ್ಟೊಡನೆ ಮನೆಯವರಿಗೆ ಹೇಳಲಾಗದ, ಗೆಳೆಯನಿಗೆ ಹೇಳದೆ ಇರಲಾಗದ ಮಾತೊಂದು ಮೊದಲ ಬಾರಿಗೆ ಹುಟ್ಟುತ್ತದೆ. ಯಾರನ್ನು ನಂಬಬೇಕು, ಯಾವ ಗುಟ್ಟನ್ನು ಕಾಯಬೇಕು, ಯಾವುದನ್ನು ಬಿಚ್ಚಿಡಬೇಕು ಎಂಬ ಪ್ರಶ್ನೆಗಳು ಆಗಲೇ ಏಳುತ್ತವೆ. ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಂಥ ಊರಿನಲ್ಲಿ ಕಾರ್ಖಾನೆಯ ಕೆಲಸಕ್ಕೆಂದು ಹೊರಗಿನಿಂದ ಬಂದ ಕುಟುಂಬಗಳ ಮಕ್ಕಳೂ ಸುತ್ತಲಿನ ಹಳ್ಳಿಗಳ ರೈತರ ಮಕ್ಕಳೂ ಒಂದೇ ತರಗತಿಯಲ್ಲಿ ಕೂಡುವರು. ಹಿನ್ನೆಲೆ ಬೇರೆಯಾದವರು ಗೆಳೆಯರಾಗುವಾಗ ಈ ಪ್ರಶ್ನೆಗಳು ಇನ್ನಷ್ಟು ತೀವ್ರವಾಗುತ್ತವೆ. ರಹಸ್ಯಕಥೆ ಹಿಡಿದುಕೊಂಡಿರುವುದು ಇವುಗಳನ್ನೇ.

ಗೂಢವಾದುದರ ಮೇಲಿನ ಆಸೆ ಕನ್ನಡಿಗರಿಗೆ ಹೊಸದಲ್ಲ. ಇದೇ ಹಾವೇರಿ ಜಿಲ್ಲೆಯ ಅಬಲೂರು, ಮಾಸೂರುಗಳೊಡನೆ ಹೆಸರು ಬೆಸೆದುಕೊಂಡಿರುವ ಸರ್ವಜ್ಞನ ತ್ರಿಪದಿಗಳಲ್ಲಿ ಒಗಟುಗಳಿವೆ. ಶರಣರಲ್ಲಿ ಬೆಡಗಿನ ವಚನಗಳಿವೆ. ಇನ್ನು ಗೆಳೆತನವೂ ಗುಟ್ಟೂ ಕೂಡಿದ ಕಥೆಯನ್ನು ಹುಡುಕುವವರು ಸುಮಾರು 10ನೆಯ ಶತಮಾನದ್ದೆಂದು ಎಣಿಸಲಾಗುವ ‘ವಡ್ಡಾರಾಧನೆ’ಯನ್ನು ತೆರೆಯಬೇಕು. ಅಲ್ಲಿನ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನ ಕಥೆಯೂ ಒಂದು. ರಾಜಕುಮಾರನಾದ ವಿದ್ಯುಚ್ಚೋರನೂ ತಳಾರನ ಮಗನಾದ ಯಮದಂಡನೂ ಒಬ್ಬನೇ ಗುರುವಿನ ಬಳಿ ಓದಿದ ಬಾಲ್ಯಸ್ನೇಹಿತರು. ಒಬ್ಬನು ಕಲಿತದ್ದು ಕಳ್ಳವಿದ್ಯೆ, ಇನ್ನೊಬ್ಬನು ಕಲಿತದ್ದು ಕಳ್ಳರನ್ನು ಹಿಡಿಯುವ ವಿದ್ಯೆ. ನೀನು ಕಾವಲಿರುವ ಊರಿನಲ್ಲಿಯೇ ಕದಿಯುವೆನೆಂದು ರಾಜಕುಮಾರನು ಎಳೆಯ ವಯಸ್ಸಿನಲ್ಲಿ ಪಂತ ಹಾಕುತ್ತಾನೆ. ಮುಂದೆ ಯಮದಂಡನು ಮಿಥಿಳೆಯಲ್ಲಿ ತಳಾರನಾದಾಗ ವಿದ್ಯುಚ್ಚೋರನು ಅಲ್ಲಿಗೂ ಬಂದು, ಹಗಲು ಕುಷ್ಠರೋಗಿಯ ವೇಷದಲ್ಲಿದ್ದು ಇರುಳು ಕದಿಯುತ್ತಾನೆ. ಅರಸನ ಹಾರವೇ ಕಳುವಾಗುತ್ತದೆ. ಗಡುವಿನೊಳಗೆ ಕಳ್ಳನನ್ನು ಹಿಡಿಯದಿದ್ದರೆ ತಳಾರನ ತಲೆಗೇ ಕುತ್ತು.

ಯಮದಂಡನು ಆ ರೋಗಿಯನ್ನೇ ಹಿಡಿದು ತರುತ್ತಾನೆ. ನಾನಾ ಬಗೆಯ ದಂಡನೆಗಳನ್ನು ವಿಧಿಸಿದರೂ ಅವನು ಬಾಯಿ ಬಿಡುವುದಿಲ್ಲ. ಕೊನೆಗೆ ಅರಸನಿಂದ ಅಭಯ ದೊರೆತಾಗ ತಾನೇ ಕಳ್ಳನೆಂದು ಒಪ್ಪಿ, ತಳಾರನು ತನ್ನ ಬಾಲ್ಯದ ಗೆಳೆಯನೆಂಬ ಗುಟ್ಟನ್ನೂ ಬಿಚ್ಚುತ್ತಾನೆ. ದಂಡನೆಗೆ ಜಗ್ಗದ ಸತ್ಯವು ಅಭಯಕ್ಕೆ ಒಲಿಯಿತು. ಉಪಾಧ್ಯಾಯರು ಮನನ ಮಾಡಬೇಕಾದ ಮಾತಿದು.

ಈ ಮಾತಿಗೆ ದೂರದ ಜರ್ಮನಿಯಲ್ಲೊಂದು ಸಾಕ್ಷಿಯಿದೆ. ಎರಿಕ್ ಕೇಸ್ಟ್ನರ್ 1929ರಲ್ಲಿ ಪ್ರಕಟಿಸಿದ ‘ಎಮಿಲ್ ಮತ್ತು ಪತ್ತೇದಾರರು’ ಕಥೆಯಲ್ಲಿ, ತಾಯಿ ಕೊಟ್ಟ ಹಣವನ್ನು ಬಾಲಕ ಎಮಿಲ್ ರೈಲಿನಲ್ಲಿ ಕಳೆದುಕೊಳ್ಳುತ್ತಾನೆ. ಪೊಲೀಸರ ಬಳಿ ಹೋಗಲು ಅವನಿಗೆ ಧೈರ್ಯವಿಲ್ಲ. ಊರಿನ ವಿಗ್ರಹವೊಂದಕ್ಕೆ ಬಣ್ಣ ಬಳಿದ ಚಿಕ್ಕ ತಪ್ಪು ಅವನ ಮನಸ್ಸನ್ನು ಕೊರೆಯುತ್ತಿದೆ. ಬರ್ಲಿನ್ನಿನ ಅಪರಿಚಿತ ಹುಡುಗರು ಗೆಳೆಯರಾಗಿ ಕಳ್ಳನ ಬೆನ್ನು ಹತ್ತುತ್ತಾರೆ. ನೋಟುಗಳನ್ನು ಅಂಗಿಯ ಒಳಗೆ ಚುಚ್ಚಿಟ್ಟಿದ್ದ ಗುಂಡುಸೂಜಿಯ ತೂತುಗಳೇ ಹಣ ಎಮಿಲ್‌ನದೆಂದು ಸಾಧಿಸಿಕೊಡುತ್ತವೆ. ಬಂಗಾಳದಲ್ಲಿ ಸತ್ಯಜಿತ್ ರಾಯ್ ಅವರು 1965ರಲ್ಲಿ ಆರಂಭಿಸಿದ ಫೆಲುದಾ ಕಥೆಗಳನ್ನು ನಿರೂಪಿಸುವವನೂ ಕಿಶೋರನೇ.

ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಯನ್ನು ಜನಪ್ರಿಯಗೊಳಿಸಿದವರಲ್ಲಿ ಕನ್ನಡ ಬಾವುಟದ ರೂಪಕರ್ತರಾದ ಮ. ರಾಮಮೂರ್ತಿಯವರೂ, ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರೂ ಪ್ರಮುಖರು. ನರಸಿಂಹಯ್ಯನವರ ಶಾಲಾ ವಿದ್ಯಾಭ್ಯಾಸ ನಾಲ್ಕನೆಯ ತರಗತಿಗೇ ನಿಂತಿತ್ತು. ಆದರೆ ಅವರ ಪುಸ್ತಕಗಳು ಓದುವ ರೂಢಿಯಿಲ್ಲದ ಎಷ್ಟೋ ಮಂದಿಯನ್ನು ಓದುಗರನ್ನಾಗಿ ಮಾಡಿದವು. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಇದೇ ಧಾಟಿಯನ್ನು ಎತ್ತರಕ್ಕೊಯ್ದಿತು. ಅಲ್ಲಿ ಏಲಕ್ಕಿ ಇಳುವರಿಯ ಕುಸಿತ ಮತ್ತು ಒಂದು ಸಾವಿನ ಗುಟ್ಟು ಒಂದು ಕಡೆ, ರಫಿ ಮತ್ತು ಅವನ ಗೆಳೆಯರ ತಾರುಣ್ಯ ಇನ್ನೊಂದು ಕಡೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯನ್ನು ಕಾಲಹರಣದ ಓದೆಂದು ತಳ್ಳಿಹಾಕುವಂತಿಲ್ಲ.

ಈ ಕಥೆಗಳಿಂದಾಗುವ ಶಿಕ್ಷಣ ಯಾವುದು? ‘ಅನುಮಾನ’ವೆಂಬ ಒಂದು ಪದದಲ್ಲಿ ಅದನ್ನು ಅಡಕಗೊಳಿಸಬಹುದು. ಆಡುಮಾತಿನಲ್ಲಿ ಅನುಮಾನವೆಂದರೆ ಸಂಶಯ. ನ್ಯಾಯಶಾಸ್ತ್ರದಲ್ಲಿ ಅದು ಪ್ರತ್ಯಕ್ಷ, ಉಪಮಾನ, ಶಬ್ದಗಳೊಡನೆ ಎಣಿಸಲ್ಪಡುವ ಪ್ರಮಾಣ. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವ ಕ್ರಮ. ಒಳ್ಳೆಯ ರಹಸ್ಯಕಥೆ ಓದುಗನನ್ನು ಮೊದಲನೆಯ ಅರ್ಥದಿಂದ ಎರಡನೆಯ ಅರ್ಥಕ್ಕೆ ನಡೆಸಿಕೊಂಡು ಹೋಗುತ್ತದೆ. ಮೊದಲ ಅಧ್ಯಾಯಗಳಲ್ಲಿ ಓದುಗನು ಮುಖ ನೋಡಿ, ಮಾತು ಕೇಳಿ, ಯಾರನ್ನೋ ಸಂಶಯಿಸುತ್ತಾನೆ. ಕೊನೆಯಲ್ಲಿ ಆ ಸಂಶಯಕ್ಕೆ ಸಲ್ಲುವ ಹೇತುವಿರಲಿಲ್ಲವೆಂದು ತಿಳಿದು ನಾಚುತ್ತಾನೆ. ಹೇತ್ವಾಭಾಸವನ್ನು ಹದಿನಾಲ್ಕರ ಬಾಲಕನಿಗೆ ತರ್ಕಗ್ರಂಥದಿಂದ ಬೋಧಿಸುವುದು ಕಷ್ಟ. ಕಥೆ ಅದನ್ನು ಅರಿವಿಲ್ಲದೆಯೇ ಕಲಿಸುತ್ತದೆ. ಗಾಳಿಸುದ್ದಿಯು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಊರೆಲ್ಲ ಹಬ್ಬುವ ಈ ಕಾಲದಲ್ಲಿ, ಸಂಶಯವನ್ನೂ ಪ್ರಮಾಣವನ್ನೂ ಬೇರೆ ಮಾಡಿ ನೋಡಬಲ್ಲ ವಿದ್ಯಾರ್ಥಿಯ ಅಗತ್ಯ ಎಷ್ಟೆಂದು ವಿವರಿಸಬೇಕಿಲ್ಲ.

ಆಕ್ಷೇಪಣೆಗಳಿಲ್ಲವೆಂದಲ್ಲ. ಅಪರಾಧವನ್ನೇ ರಂಜನೀಯವಾಗಿ ಚಿತ್ರಿಸುವ ಕಳಪೆ ಪುಸ್ತಕಗಳೂ ಇವೆ. ಅವನ್ನು ಆಯ್ದು ಬೇರ್ಪಡಿಸುವುದು ಬಲ್ಲವರ ಕೆಲಸ. ಅದಕ್ಕಿಂತ ಗಂಭೀರವಾದುದು ಇನ್ನೊಂದು ಅಪಾಯ: ಯಾವ ಗುಟ್ಟನ್ನಾದರೂ ಕಾಯುವುದೇ ಗೆಳೆತನವೆಂಬ ಭಾವನೆ. ಗೆಳೆಯನ ಮೈಗೋ ಮನಸ್ಸಿಗೋ ಕೇಡಾಗುತ್ತಿದ್ದರೆ ಆ ಗುಟ್ಟನ್ನು ಹಿರಿಯರಿಗೆ ತಿಳಿಸುವುದೇ ಗೆಳೆತನ. ಇದನ್ನು ತಿಳಿಸಲು ಮಕ್ಕಳು ಮುಂದೆ ಬರಬೇಕಾದರೆ, ಕೇಳಿದೊಡನೆ ಬೆತ್ತ ಎತ್ತದ ಹಿರಿಯರು ಇರಬೇಕು. ವಿದ್ಯುಚ್ಚೋರನಿಗೆ ಅಭಯವಿತ್ತವನು ಅರಸ. ಶಾಲೆಯಲ್ಲಿ ಆ ಸ್ಥಾನ ಉಪಾಧ್ಯಾಯರದು. ಪುಸ್ತಕವನ್ನು ಕಸಿದು ಗದರಿಸಿದವರ ಬಳಿಗೆ ಸಂಕಟದಲ್ಲಿರುವ ಮಗು ಬರುವುದು ದುರ್ಲಭ.

ಆದುದರಿಂದ ಪ್ರೌಢಶಾಲೆಯ ಗ್ರಂಥಾಲಯದಲ್ಲಿ ಆಯ್ದ ರಹಸ್ಯಕಥೆಗಳಿಗೆ ಒಂದು ಕಪಾಟು ಮೀಸಲಾಗಬೇಕು. ವಾರಕ್ಕೊಂದು ಅವಧಿಯಲ್ಲಿ ಅವುಗಳಲ್ಲೊಂದನ್ನು ಗಟ್ಟಿಯಾಗಿ ಓದಿಸಿ, ಕೊನೆಯ ಅಧ್ಯಾಯಕ್ಕೆ ಮುನ್ನ ನಿಲ್ಲಿಸಿ, ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ಅವನ ಅನುಮಾನವನ್ನೂ ಅದಕ್ಕೆ ಹೇತುವನ್ನೂ ಬರೆಯಿಸಬಹುದು. ಪ್ರಬಂಧರಚನೆ, ತರ್ಕ, ವಾಚನ ಮೂರೂ ಒಂದೇ ಅಭ್ಯಾಸದಲ್ಲಿ ಸಾಧಿಸುವವು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕಟ್ಟಡಕ್ಕೆ ನೀಡುವ ನೆರವಿನೊಡನೆ, ತಾವು ಬಾಲ್ಯದಲ್ಲಿ ಕದ್ದು ಓದಿದ ಪುಸ್ತಕಗಳಲ್ಲಿ ಒಂದೊಂದನ್ನು ಈ ಕಪಾಟಿಗೆ ಕಾಣಿಕೆಯಾಗಿ ಕೊಟ್ಟರೆ, ಮುಂದಿನ ಮಕ್ಕಳು ಅವನ್ನು ಕದ್ದು ಓದಬೇಕಾದ ಪ್ರಸಂಗ ಬಾರದು.